ಹಾಡಿನ ಅಂಚೆ: ಅಳು ನುಂಗ್ಕೊಂಡು ನಡೆಯೋ ಹಾಡುಗಳು

ಹೋದ ಸಂಚಿಕೇಲಿ ಪುಟದ ಕೊನೇಲಿ ಒಂಚೂರು ಜಾಗ ಉಳೀತು ಅಂತ ಎರಡು ಸಾಲು ಬರ್ದಿದ್ದೆ. ಮಳೆ ಹಿಡ್ಕೊಂಡಿರೋ ಸಂಜೆಗೆ ಇಂಗ್ಲೆಂಡಿನ ಜಾಯ್ ಡಿವಿಷನ್, ಅಮೆರಿಕದ ಇಂಟರ್‌ಪೋಲ್, ದಿ ನ್ಯಾಷನಲ್ ಥರದ ಬ್ಯಾಂಡ್‌ಗಳು ಹೇಳಿ ಮಾಡ್ಸಿದ ಹಾಗಿರ್ತವೆ, ಇಂಡಿ, ಪೋಸ್ಟ್-ಪಂಕ್ ಅಂತ ಕರೆಯೋ ಆ ಮಂಕು ಹಾಡುಗಳ ರುಚಿ ಒಂದ್ಸಲ ಹತ್ತಿದ್ರೆ ಬಿಡಲ್ಲ ಅಂತ. ಅಷ್ಟಕ್ಕೇ ಈ ಪಾಟಿ ಕಾಗದ, ಮೇಲು, ವಾಟ್ಸಾಪು ಬರತ್ತೆ ಅಂತ ನಾನೇನು ಕನಸು ಕಂಡಿದ್ನಾ. ಅರ್ಧ ಜನ "ನಮ್ ಥರದೋರು ಇನ್ನೂ ಒಬ್ರು ಇದಾರೆ" ಅಂತ ಖುಷಿಪಟ್ಟಿದ್ದಾರೆ, ಇನ್ನರ್ಧ ಜನ ನೆಟ್ಟಗೆ ಬೈದಿದ್ದಾರೆ. ಅದಕ್ಕೇ ಈ ಸಲ ಪೂರ್ತಿ ಅಂಕಣ ಇದಕ್ಕೆ. ಸುಗಮ ಸಂಗೀತದ ಪ್ರಶ್ನೆ ಕಳ್ಸಿರೋರು ಮುಂದಿನ ಸಲದವರೆಗೆ ಕಾಯ್ಬೇಕು, ಬೇಜಾರಾಗ್ಬೇಡಿ.

ಪ್ರಶ್ನೆ: ನಾನು ಪಿ.ಬಿ. ಶ್ರೀನಿವಾಸ್ ಹಾಡು ಕೇಳಿ ಬೆಳೆದವನು. ನೀವು ಬರೆದದ್ದನ್ನು ಓದಿ, ಮಗನಿಗೆ ಹೇಳಿ ಜಾಯ್ ಡಿವಿಷನ್ ಹಾಡು ಒಂದನ್ನು ಹಾಕಿಸಿ ಕೇಳಿದೆ. ಆ ಗಾಯಕ ಕರೆಂಟ್ ಬಿಲ್ ಓದಿದ ಹಾಗೆ ಹಾಡುತ್ತಾನಲ್ಲ ತಾಯಿ? ದುಃಖದ ಹಾಡು ಅಂತೀರಿ, ದುಃಖ ಎಲ್ಲಿದೆ ಇದರಲ್ಲಿ?
— ನಿವೃತ್ತ ಮೇಷ್ಟ್ರು, ಮೈಸೂರು

ಸಾರ್, ಇದನ್ನ ಹೇಗೆ ಹೇಳೋದು ಅಂತ ನಾನು ಎಷ್ಟೋ ವರ್ಷದಿಂದ ಒದ್ದಾಡ್ತಿದ್ದೆ, ನೀವು ಕರೆಂಟ್ ಬಿಲ್ ಅಂತ ಒಂದೇ ಏಟಿಗೆ ಹೇಳ್ಬಿಟ್ರಿ. ಹೌದು, ಬಿಲ್ ಓದಿದ ಹಾಗೇ ಹಾಡ್ತಾರೆ, ಆದ್ರೆ ಆ ಬಿಲ್ ಕಟ್ಟೋಕೆ ದುಡ್ಡಿಲ್ದೇ ಇರೋನು ಓದಿದ ಹಾಗೆ.

ನಮ್ಮ ಸಿನಿಮಾದ ಶೋಕಗೀತೆ ನೆನಪು ಮಾಡ್ಕೊಳಿ. ಶಹನಾಯಿ ಶುರುವಾಗತ್ತೆ, ಹಿಂದೆ ಒಂದು ಸಾಲು ವಯಲಿನ್ನು, ನಾಯಕ ಕಂಬಕ್ಕೆ ಒರಗಿ ನಿಂತಿರ್ತಾನೆ, ಹೊರಗೆ ಮಳೆ, ದೇವ್ರ ಮುಂದಿನ ದೀಪ ಆರಿಹೋಗತ್ತೆ, ನಮ್ಮ ಪರವಾಗಿ ಪೂರ್ತಿ ಅಳು ಅವ್ರೇ ಅತ್ತು ಮುಗಿಸ್ತಾರೆ, ನಾವು ಕರ್ಚೀಫು ಹಿಡ್ಕೊಂಡು ಕೂತ್ರೆ ಸಾಕು. (ನಂಗೂ ಅದು ಇಷ್ಟಾನೇ ಸಾರ್, ಜಗಳ ಬೇಡ.) ಇಲ್ಲಿ ಯಾರೂ ಅಳಲ್ಲ. ಡ್ರಮ್ಮು ನೆಟ್ಟಗೆ ನಡೀತಿರತ್ತೆ, ಯಾರಿಗೋಸ್ಕರಾನೂ ನಿಧಾನ ಆಗಲ್ಲ, ಬೇಸ್ ಗಿಟಾರು ಅದ್ರ ಜೊತೆ ಹೆಜ್ಜೆ ಹಾಕತ್ತೆ, ಹಾಡೋನು ಮುಖದಲ್ಲಿ ಏನೂ ತೋರಿಸ್ದೇ ಹಾಡ್ತಾನೆ. ಮನೇಲಿ ಸಾವಾಗಿ, ವೈಕುಂಠ ಸಮಾರಾಧನೆ ಎಲ್ಲ ಮುಗಿದ ಮಾರನೇ ದಿನ ಕೆಲವ್ರು ಆಫೀಸಿಗೆ ಬರ್ತಾರಲ್ಲ, ಇಸ್ತ್ರಿ ಮಾಡಿದ ಶರ್ಟು, "ಕಾಫಿ ಆಯ್ತಾ" ಅಂತಾರೆ, ಫೈಲು ಈಕಡೆ ತಳ್ತಾರೆ, ಆ ಮುಖ ನೋಡಿ ನಮ್ಗೆ ಎದೆ ಹಿಂಡತ್ತಲ್ಲ. ಆ ಮುಖದ ಸಂಗೀತ ಸಾರ್ ಇದು.

ಇದು ಬರೀ ಹೋಲಿಕೆಗೆ ಹೇಳಿದ್ದಲ್ಲ. ಜಾಯ್ ಡಿವಿಷನ್ನಿನ ಹಾಡುಗಾರ ಇಯಾನ್ ಕರ್ಟಿಸ್ ನಿಜವಾಗ್ಲೂ ಆಫೀಸಿಗೆ ಹೋಗ್ತಿದ್ದ ಮನುಷ್ಯ. ಮ್ಯಾಕಲ್ಸ್‌ಫೀಲ್ಡ್ ಅನ್ನೋ ಊರಲ್ಲಿ ಸರ್ಕಾರದ ಉದ್ಯೋಗ ವಿನಿಮಯ ಕಚೇರೀಲಿ ಅಂಗವಿಕಲರಿಗೆ ಕೆಲ್ಸ ಹುಡುಕಿ ಕೊಡೋದು ಅವ್ನ ಡ್ಯೂಟಿ. ಅಲ್ಲಿಗೆ ಫಿಟ್ಸ್ ಇದ್ದ ಒಬ್ಳು ಹುಡುಗಿ ಬರ್ತಿದ್ಲು, ಬರೋದು ನಿಂತ್ಹೋಯ್ತು, ಬೇರೆ ಎಲ್ಲೋ ಕೆಲ್ಸ ಸಿಕ್ಕಿರ್ಬೇಕು ಅಂದ್ಕೊಂಡ, ಆಮೇಲೆ ಗೊತ್ತಾಯ್ತು ತೀರ್ಕೊಂಡಿದ್ಲು ಅಂತ. 'ಶೀಸ್ ಲಾಸ್ಟ್ ಕಂಟ್ರೋಲ್' ಹಾಡು ಅವಳ ಮೇಲಿಂದು. ಆ ಹಾಡಲ್ಲಿ ಒಂದು ಕಡೆನೂ ಗಂಟ್ಲು ನಡುಗಲ್ಲ. ಸ್ವಲ್ಪ ದಿನಕ್ಕೆ, 1979ರ ಶುರುವಲ್ಲಿ, ಅವ್ನಿಗೇ ಮೂರ್ಛೆರೋಗ ಅಂತ ಡಾಕ್ಟ್ರು ಹೇಳಿದ್ರು. ದಿ ನ್ಯಾಷನಲ್‌ನ ಹಾಡುಗಾರ ಮ್ಯಾಟ್ ಬರ್ನಿಂಜರ್ ಕೂಡ ಬ್ಯಾಂಡೇ ಕಸುಬು ಆಗೋಕೆ ಮುಂಚೆ ನ್ಯೂಯಾರ್ಕಲ್ಲಿ ಡಿಸೈನು, ಜಾಹೀರಾತು ಅಂತ ಕೆಲ್ಸ ಮಾಡ್ಕೊಂಡಿದ್ದೋನು. ಅವ್ನ ಹಾಡುಗಳ ತುಂಬ ಟೈ ಕಟ್ಕೊಂಡು ಪಾರ್ಟೀಲಿ ಮೂಲೆ ಹಿಡಿದು ನಿಂತಿರೋ ಗಂಡಸ್ರೇ.

ಇನ್ನು ನಿಮ್ಮ ಪಿ.ಬಿ.ಎಸ್. ಅವ್ರು ಎಲ್ಲಿ ಅಳ್ತಿದ್ರು ಹೇಳಿ? ಆ ತಗ್ಗು ದನಿ, ಗಂಟ್ಲು ಎತ್ತದೇ ಪಕ್ಕದಲ್ಲಿ ಕೂತು ಹೇಳ್ಕೊಂಡ ಹಾಗೆ ಹಾಡೋದು. ನೀವೂ ನಿಮ್ಮ ಮಗನೂ ಒಂದೇ ಪಾರ್ಟಿ, ನಿಮಗಿಬ್ರಿಗೂ ಗೊತ್ತಿಲ್ಲ ಅಷ್ಟೇ.

ಮೇಷ್ಟ್ರಾಗಿದ್ದೋರು ಅಂತ ಇನ್ನೊಂದು ಮಾತು. 14ನೇ ಶತಮಾನದಲ್ಲಿ ವಿಶ್ವನಾಥ ಅನ್ನೋ ಸಂಸ್ಕೃತ ಪಂಡಿತ ತನ್ನ 'ಸಾಹಿತ್ಯದರ್ಪಣ'ದಲ್ಲಿ ಇದೇ ಪ್ರಶ್ನೆ ಎತ್ಕೊಂಡಿದ್ದಾನೆ. ಕರುಣರಸ ಬರೀ ನೋವೇ ಕೊಡೋದಾಗಿದ್ರೆ ಅದ್ರ ಕಡೆ ಯಾರಾದ್ರೂ ಮುಖ ಹಾಕ್ತಿದ್ರಾ, ರಾಮಾಯಣ ಯಾರು ಓದ್ತಿದ್ರು ಅಂತ. ಅದ್ರಲ್ಲಿ ಸುಖ ಇದೆ ಅನ್ನೋಕೆ ಸಾಕ್ಷಿ ಏನಪ್ಪಾ ಅಂದ್ರೆ ಸಹೃದಯರ ಅನುಭವ, ಅದೊಂದೇ ಅಂತಾನೆ. ನಿಮ್ಮ ಮಗನೂ ಪಾಪ ಅದೇ ಸಾಕ್ಷಿ ಹೇಳ್ತಿರೋದು, ಹೆಡ್‌ಫೋನ್ ಹಾಕ್ಕೊಂಡು.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ಇಂಡಿ ಅಂದ್ರ ನಮ್ಮ ತಾಲ್ಲೂಕ, ಲಿಂಬಿಹಣ್ಣಿಗೆ ಹೆಸರಾದದ್ದು. ಪೋಸ್ಟ್ ಅಂದ್ರ ಅಂಚಿ. ಪಂಕ್ ಅಂದ್ರ ಪಂಖಾ ಇರಬೇಕು. ಈ ಮೂರೂ ಕೂಡಿ ದುಃಖದ ಹಾಡ ಹ್ಯಾಂಗ ಆತು, ಸ್ವಲ್ಪ ಬಿಡಿಸಿ ಹೇಳ್ರಿ.
— ಲಿಂಬಿ ತೋಟದವ, ವಿಜಯಪುರ ಜಿಲ್ಲಾ

ಅಣ್ಣಾ, ಈ ಪ್ರಶ್ನೆ ಓದಿ ಆಫೀಸಲ್ಲಿ ಎಲ್ರಿಗೂ ಜೋರಾಗಿ ಓದಿ ಹೇಳ್ದೆ. ಹಿಂದಿನಿಂದ ಬರ್ತೀನಿ, ಪಂಕ್ ಮೊದ್ಲು.

1976, ಜೂನ್ 4, ಇಂಗ್ಲೆಂಡಿನ ಮ್ಯಾಂಚೆಸ್ಟರು. ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಅಂತ ಒಂದು ಸಣ್ಣ ಸಭಾಂಗಣ, ಅಲ್ಲಿ ಸೆಕ್ಸ್ ಪಿಸ್ತೂಲ್ಸ್ ಅನ್ನೋ ಲಂಡನ್ ಹುಡುಗರ ಬ್ಯಾಂಡು, ಟಿಕೆಟ್ 50 ಪೆನ್ಸು, ಬಂದಿದ್ದೋರು ನಲವತ್ತೋ ಏನೋ. ನುಡಿಸೋಕೆ ನೆಟ್ಟಗೆ ಬರಲ್ಲ, ಬರೀ ಕಿರುಚಾಟ. ಪಂಕ್ ಅಂದ್ರೆ ಅದು, ಬರದೇ ಇದ್ರೂ ನುಡ್ಸು ಅನ್ನೋ ಧೈರ್ಯ. ಆ ನಲವತ್ತು ಜನದಲ್ಲಿ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಅಂತ ಇಬ್ರು ಸ್ಕೂಲ್ ಫ್ರೆಂಡ್ಸ್ ಇದ್ರು, ಮುಂದೆ ಜಾಯ್ ಡಿವಿಷನ್ ಕಟ್ಟಿದೋರು. ಇವ್ರೇ ಮಾಡಬಹುದಾದ್ರೆ ನಾವು ಯಾಕ್ ಮಾಡ್ಬಾರ್ದು ಅಂತ ಹುಕ್ ಮಾರನೇ ದಿನಾನೇ ಅಮ್ಮನ ಹತ್ರ ಸಾಲ ಇಸ್ಕೊಂಡು ಬೇಸ್ ಗಿಟಾರ್ ತಗೊಂಡ. ಅವ್ನಿಗೆ ಅದನ್ನ ಹಿಡ್ಕೊಳೋಕೂ ಬರ್ತಿರ್ಲಿಲ್ಲ.

ಆದ್ರೆ ಕಿರುಚೋದು ಎಷ್ಟು ದಿನ ಅಣ್ಣ? ವರ್ಷ ಎರಡು ವರ್ಷಕ್ಕೆ ಗಂಟ್ಲು ಸೋಲತ್ತೆ. ಜಗಳ ಆಡಿ ಆಡಿ ಕೊನೆಗೆ ಸುಮ್ನೆ ಕೂತ್ಕೋತಾರಲ್ಲ, ಬಾಗ್ಲು ಕಡೆ ನೋಡ್ಕೊಂಡು, ಆವಾಗ ಆಡೋ ಮಾತೇ ಬೇರೆ. ಪೋಸ್ಟ್ ಅಂದ್ರೆ ಇಲ್ಲಿ 'ಆಮೇಲಿಂದು'. ಪಂಕ್ ಆದ್ಮೇಲೆ ಸುಮ್ನೆ ಕೂತೋರ ಹಾಡು ಪೋಸ್ಟ್-ಪಂಕ್. ಇನ್ನು ಇಂಡಿ ಅಂದ್ರೆ ದೊಡ್ಡ ಕಂಪನಿಗಳ ಹಂಗಿಲ್ದೇ ಸಣ್ಣ ಲೇಬಲ್ಲುಗಳಲ್ಲಿ ರೆಕಾರ್ಡ್ ತರೋದು, ಮ್ಯಾಂಚೆಸ್ಟರಲ್ಲಿ ಟೋನಿ ವಿಲ್ಸನ್ ಮತ್ತೆ ಗೆಳೆಯರು ಮಾಡಿದ ಫ್ಯಾಕ್ಟರಿ ರೆಕಾರ್ಡ್ಸ್ ಇತ್ತಲ್ಲ ಆ ಥರ. ನಿಮ್ಮ ತಾಲ್ಲೂಕಿಗೂ ಅದಕ್ಕೂ ಇರೋ ಸಂಬಂಧ ಹುಳಿ ಒಂದೇ.

ಊರೂ ಹಾಗಿತ್ತು. ಹತ್ತಿ ಗಿರಣಿಗಳು ಮುಚ್ಚಿ ವರ್ಷಗಳಾಗಿದ್ವು, ಸಾಲುಮನೆಗಳನ್ನ ಕೆಡವಿ ಕಾಂಕ್ರೀಟ್ ಬ್ಲಾಕು ಎಬ್ಬಿಸಿದ್ರು, ಸಮ್ನರ್ ಹುಟ್ಟಿ ಬೆಳೆದ ಬೀದೀನೇ ಉಳೀಲಿಲ್ಲ. 1979ರ ಜನವರೀಲಿ ಕೆವಿನ್ ಕಮ್ಮಿನ್ಸ್ ತೆಗೆದ ಫೋಟೋ ಒಂದಿದೆ, ಹ್ಯೂಮ್ ಅನ್ನೋ ಕಡೆ ರಸ್ತೆ ಮೇಲಿನ ಕಾಲ್ಸೇತುವೆ, ಎಲ್ಲ ಕಡೆ ಹಿಮ, ದೂರದಲ್ಲಿ ಬ್ಯಾಂಡಿನ ನಾಲ್ಕೂ ಜನ ಇರುವೆ ಹಾಗೆ ನಿಂತಿದ್ದಾರೆ. ಫೋಟೋದ ಮುಕ್ಕಾಲು ಭಾಗ ಖಾಲಿ. ಹಾಡೂ ಹಾಗೇ ಇರ್ಬೇಕು ಅಂತ ಹಟ ಹಿಡಿದೋನು ಅವ್ರ ಪ್ರೊಡ್ಯೂಸರ್ ಮಾರ್ಟಿನ್ ಹ್ಯಾನೆಟ್. ಡ್ರಮ್ಮಿನ ಒಂದೊಂದು ತುಂಡನ್ನೂ ಬೇರೆ ಬೇರೆ ನುಡಿಸಿ ರೆಕಾರ್ಡ್ ಮಾಡ್ಸಿದ, ಒಂದು ಹಾಡಿಗೆ ಸ್ಟುಡಿಯೋದ ಹಳೇ ಲಿಫ್ಟಿನ ಸದ್ದು ಹಾಕ್ದ, ಇನ್ನೊಂದಕ್ಕೆ ಡ್ರಮ್ಮರ್ ಸ್ಟೀಫನ್ ಮಾರಿಸ್ ಕೈಗೆ ಸ್ಪ್ರೇ ಡಬ್ಬಿ ಕೊಟ್ಟು ತಾಳಕ್ಕೆ ಸರಿಯಾಗಿ ಚುಸ್ ಚುಸ್ ಅನ್ಸಿದ. 1979ರ ಜೂನಲ್ಲಿ ಅವ್ರ ಮೊದಲ್ನೇ ಆಲ್ಬಮ್ 'ಅನ್‌ನೋನ್ ಪ್ಲೆಷರ್ಸ್' ಬಂದಾಗ ಸಮ್ನರ್, ಹುಕ್ ಇಬ್ರಿಗೂ ಸಿಟ್ಟು, ನಮ್ಮ ಗಲಾಟೆ ಎಲ್ಲ ಇವ್ನು ತೊಳೆದು ಹಾಕ್ದ ಅಂತ. ಇವತ್ತು ನಾವು ಆ ರೆಕಾರ್ಡ್ ಕೇಳೋದೇ ಅವ್ನು ತೊಳೆದು ಉಳಿಸಿದ ಖಾಲಿ ಜಾಗಕ್ಕೆ.

ಪ್ರಶ್ನೆ: ಬೇಸ್ ಕೇಳು ಬೇಸ್ ಕೇಳು ಅಂತ ರೂಮ್‌ಮೇಟ್ ತಲೆ ತಿಂತಾನೆ. ಗಿಟಾರ್ ಯಾವ್ದು ಬೇಸ್ ಯಾವ್ದು ನಂಗೆ ಗೊತ್ತಾಗಲ್ಲ ಅಕ್ಕ, ಮೊಬೈಲ್‌ನಲ್ಲಂತೂ ಬೇಸ್ ಬರೋದೇ ಇಲ್ಲ. ಹೇಗೆ ಕೇಳೋದು?
— ಹಾಸ್ಟೆಲ್ ಹುಡುಗ, ದಾವಣಗೆರೆ

ನಿನ್ನ ತಪ್ಪಲ್ಲ ಕಣಪ್ಪ, ಮೊಬೈಲ್ ಸ್ಪೀಕರ್ ಅಂಗೈಯಷ್ಟೂ ಇಲ್ಲ, ಬೇಸ್ ಅಂದ್ರೆ ತಗ್ಗು ಸ್ವರದ ಗಿಟಾರು, ಅದ್ರ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಜ್, ಅಂದ್ರೆ ತೀರಾ ತಗ್ಗು, ಅದನ್ನ ಹೊರಡ್ಸೋ ಶಕ್ತಿ ಆ ಪುಟಾಣಿಗೆ ಎಲ್ಲಿಂದ ಬರ್ಬೇಕು. ಆದ್ರೆ ಮಜಾ ಏನು ಗೊತ್ತಾ, ಈ ಥರದ ಹಾಡಲ್ಲಿ ಮೊಬೈಲಲ್ಲೂ ಬೇಸ್ ಕೇಳತ್ತೆ. ಪ್ರಾಕ್ಟೀಸ್ ಮಾಡೋವಾಗ ಸಮ್ನರ್‌ನ ಗಿಟಾರ್ ಸದ್ದು ಜಾಸ್ತಿ, ಹುಕ್‌ನ ಆಂಪ್ಲಿಫೈಯರ್ ಲೊಡ್ಡು, ಕೆಳಗಿನ ಸ್ವರ ನುಡಿಸಿದ್ರೆ ಅವ್ನಿಗೇ ಅವ್ನ ಬೇಸ್ ಕೇಳ್ತಿರ್ಲಿಲ್ಲ. ಅದಕ್ಕೆ ತೆಳು ತಂತಿಗೆ ಹೋಗಿ ಮೇಲೆ ಮೇಲೆ ನುಡಿಸೋಕೆ ಶುರು ಮಾಡ್ದ, ಕರ್ಟಿಸ್‌ಗೆ ಅದು ಇಷ್ಟ ಆಯ್ತು, ಹಾಗೇ ಮಾಡು ಅಂದ. ಒಳ್ಳೆ ಆಂಪ್ಲಿಫೈಯರ್ ಇದ್ದಿದ್ರೆ ಈ ಸಂಗೀತಾನೇ ಬೇರೆ ಆಗಿರ್ತಿತ್ತೋ ಏನೋ.

ಒಂದು ಕೆಲ್ಸ ಮಾಡು. ಇವತ್ತು ರಾತ್ರಿ ಊಟ ಆದ್ಮೇಲೆ ಇಯರ್‌ಫೋನ್ ಹಾಕ್ಕೊಂಡು 'ಡಿಸಾರ್ಡರ್' ಹಾಕು, 'ಅನ್‌ನೋನ್ ಪ್ಲೆಷರ್ಸ್'ನ ಮೊದಲ್ನೇ ಹಾಡು. ಮೊದ್ಲು ಬರೀ ಡ್ರಮ್ಮು ಬರತ್ತೆ, ಓಡ್ತಿರೋ ಹಾಗೆ. ಅದ್ರ ಮೇಲೆ ಗುನುಗ್ಕೋಬಹುದಾದ ಒಂದು ರಾಗ ಬರತ್ತೆ ನೋಡು, ಇದು ಗಿಟಾರ್ರು ಅಂದ್ಕೋತೀಯ, ಅಲ್ಲ, ಅದೇ ಬೇಸು. ಗಿಟಾರ್ ಆಮೇಲೆ ಬರತ್ತೆ, ಗಾಜಿನ ಚೂರು ಥರ, ಮೇಲೊಂದು ಕೆಳಗೊಂದು ಚೆಲ್ಲತ್ತೆ ಅಷ್ಟೇ. ಅಂದ್ರೆ ಬೇರೆ ರಾಕ್ ಹಾಡಲ್ಲಿ ಹಿಂದೆ ನಿಂತು ಚಪ್ಪರಕ್ಕೆ ಕಂಬ ಹಿಡಿಯೋನು ಇಲ್ಲಿ ಮದ್ವೆ ಗಂಡು. ಇಡೀ ಹಾಡಲ್ಲಿ ಬೇಸ್‌ನ ಮಾತ್ರ ಹಿಂಬಾಲ್ಸು, ಹಾಡುಗಾರನ್ನ ಮರ್ತುಬಿಡು. ಎರಡನೇ ಸಲ ಕೇಳೋವಾಗ ಆ ರಾಗ ನಿನ್ನ ಬಾಯಿಗೆ ಬಂದಿರತ್ತೆ. ದುಃಖ ಇರೋದು ಅಲ್ಲಿ, ಆ ರಾಗದಲ್ಲಿ, ಮಾತಲ್ಲಿ ಅಲ್ಲ. ಈ ಥರದ ಬೇಸ್‌ಗೆ ಎಷ್ಟೋ ಸಲ ಕೋರಸ್ ಪೆಡಲ್ ಅನ್ನೋದೊಂದು ಹಾಕ್ತಾರೆ, ಒಂದೇ ಸ್ವರ ಎರಡಾಗಿ ಒಂಚೂರು ಆಚೀಚೆ ನಡುಗೋ ಹಾಗೆ ಮಾಡತ್ತೆ, ನೀರಲ್ಲಿ ದೀಪ ನೋಡಿದ ಹಾಗೆ.

ಪ್ರಶ್ನೆ: ಫುಟ್‌ಪಾತಲ್ಲಿ 250 ರೂಪಾಯಿಗೆ ಕಪ್ಪು ಟೀ-ಶರ್ಟ್ ತಗೊಂಡೆ, ಎದೆ ಮೇಲೆ ಬಿಳಿ ಗೆರೆಗಳು, ಬೆಟ್ಟದ ಸಾಲಿನ ಥರ. ಆಫೀಸಲ್ಲಿ ಒಬ್ಬ ಬಂದು ಯಾವ ಹಾಡು ಇಷ್ಟ ಅಂದ, ನಾನು ಇದು ಹಾರ್ಟ್ ಬೀಟ್ ಅಲ್ವಾ ಅಂದೆ, ನಕ್ಕ. ಏನಿದು?
— ಅವಮಾನಿತ, ಬೆಂಗಳೂರು

ನಕ್ಕೋನಿಗೂ ಪೂರ್ತಿ ಗೊತ್ತಿರಲ್ಲ ಬಿಡಿ, ಇದನ್ನ ಕಟ್ ಮಾಡಿ ಇಟ್ಕೊಳಿ. ಅದು 'ಅನ್‌ನೋನ್ ಪ್ಲೆಷರ್ಸ್'ನ ಕವರ್ರು. ನೀವು ಹಾರ್ಟ್ ಬೀಟ್ ಅಂದಿದ್ದು ತೀರಾ ತಪ್ಪೇನಲ್ಲ, ಒಂದು ಸತ್ತ ನಕ್ಷತ್ರದ ನಾಡಿ ಅದು. 1967ರಲ್ಲಿ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ಮಾಡ್ತಿದ್ದ ಜೋಸೆಲಿನ್ ಬೆಲ್ ಅನ್ನೋ ಹುಡುಗಿ ಮೊದಲ್ನೇ ಪಲ್ಸಾರ್ ಕಂಡ್ಹಿಡಿದ್ಲು, ಸುಮಾರು 1.34 ಸೆಕೆಂಡಿಗೊಮ್ಮೆ ರೇಡಿಯೋ ಅಲೆ ಬಿಡೋ ನಕ್ಷತ್ರ. (1974ರ ನೊಬೆಲ್ ಬಂದಿದ್ದು ಅವಳ ಗೈಡಿಗೆ, ಅವಳಿಗಲ್ಲ. ನಂಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.) ಆ ನಕ್ಷತ್ರದ ಒಂದೊಂದು ಮಿಡಿತಾನೂ ಒಂದ್ರ ಕೆಳಗೊಂದು ಗೆರೆ ಹಾಕಿ ಹೆರಾಲ್ಡ್ ಕ್ರಾಫ್ಟ್ ಅನ್ನೋರು ತಮ್ಮ 1970ರ ಪ್ರಬಂಧದಲ್ಲಿ ಚಿತ್ರ ಮಾಡಿದ್ರು, ಅದು ಒಂದು ಖಗೋಳ ವಿಶ್ವಕೋಶಕ್ಕೆ ಬಂತು, ಬ್ಯಾಂಡಿನೋರು ಅಲ್ಲಿಂದ ಆರಿಸಿ ಕೊಟ್ರು, ಡಿಸೈನರ್ ಪೀಟರ್ ಸಾವಿಲ್ ಅದನ್ನ ಕಪ್ಪು ಮೇಲೆ ಬಿಳಿ ಮಾಡ್ದ. ಕವರ್ ಮುಂದುಗಡೆ ಬ್ಯಾಂಡಿನ ಹೆಸ್ರೂ ಇಲ್ಲ, ರೆಕಾರ್ಡಿನ ಹೆಸ್ರೂ ಇಲ್ಲ. 250 ರೂಪಾಯಿಗೆ ಇಷ್ಟೆಲ್ಲ ಬಂತು, ಬಣ್ಣ ಮಾತ್ರ ಎರಡನೇ ಒಗೆತಕ್ಕೆ ಹೋಗತ್ತೆ, ನಂದು ಹೋಗಿದೆ.

ಪ್ರಶ್ನೆ: ಇಂಟರ್‌ಪೋಲ್ ಅಂದ್ರೆ ಜಾಯ್ ಡಿವಿಷನ್‌ನ ಜೆರಾಕ್ಸ್. ಇದನ್ನೆಲ್ಲ ದೊಡ್ಡ ಸಂಗೀತ ಅಂತ ಯಾಕೆ ಮಾರ್ತೀರಾ? ಮೆಟಲ್ ಕೇಳಿ ಸ್ವಾಮಿ.
— ಅರಮನೆ ಮೈದಾನದ ಧೂಳು ಕುಡಿದವನು, ಬೆಂಗಳೂರು

2007ರಲ್ಲಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಬಂದಾಗ ಕುಡಿದ ಧೂಳು ತಾನೆ, ಗೌರವ ಇದೆ. ಬೆಂಗ್ಳೂರು ಮೆಟಲ್ ಊರು, ಒಪ್ಪಿದೆ. ಆದ್ರೆ ಜೆರಾಕ್ಸ್ ಅನ್ಬೇಡಿ. ಧಾರವಾಡದ ಕಡೆ ಕಿರಾಣಾ ಘರಾನಾದೋರು ಹಾಡಿದ್ರೆ ಗುರುಗಳ ಜೆರಾಕ್ಸ್ ಅಂತೀವಾ? ಅದೇ ಆಲಾಪದ ನಡೆ, ಅದ್ರೊಳಗೆ ತಮ್ಮದೊಂದು ತಿರುವು. ಇದೂ ಒಂದು ಘರಾನಾ ಅಂದ್ಕೊಳಿ. 2002ರ ಆಗಸ್ಟಲ್ಲಿ ಇಂಟರ್‌ಪೋಲ್‌ನ 'ಟರ್ನ್ ಆನ್ ದಿ ಬ್ರೈಟ್ ಲೈಟ್ಸ್' ಬಂತು, ನ್ಯೂಯಾರ್ಕಿನ ಜೋಡಿ ಗೋಪುರ ಬಿದ್ದು ವರ್ಷಾನೂ ತುಂಬಿರ್ಲಿಲ್ಲ. ಅವ್ರ ಹಾಡುಗಾರ ಪಾಲ್ ಬ್ಯಾಂಕ್ಸ್‌ನ ದಪ್ಪ ದನಿ ಕೇಳಿದ ತಕ್ಷಣ ಎಲ್ರೂ ಕರ್ಟಿಸ್ ಅಂದ್ರು, ನಿಜ, ಮೊದ್ಲು ನಂಗೂ ಹಾಗೇ ಅನ್ಸಿದ್ದು. ಆದ್ರೆ ಜಾಯ್ ಡಿವಿಷನ್‌ನಲ್ಲಿ ಖಾಲಿ ಜಾಗ, ಇಲ್ಲಿ ಎರಡು ಗಿಟಾರ್ ಜಡೆ ಹೆಣೆದ ಹಾಗೆ, ಒಂದು ಬಿಟ್ಟಿದ್ದನ್ನ ಇನ್ನೊಂದು ಹಿಡಿಯತ್ತೆ. ಅಲ್ಲಿ ಕೆಡವಿದ ಊರು, ಇಲ್ಲಿ ತುಂಬಿ ತುಳುಕೋ ಊರಲ್ಲಿ ಸೂಟ್ ಹಾಕ್ಕೊಂಡು ಒಬ್ನೇ ನಿಂತಿರೋನು.

ನಾನು ಅದನ್ನ ಮೊದಲ ಸಲ ಕೇಳಿದ್ದು ಬೆಂಗ್ಳೂರಿಂದ ಊರಿಗೆ ಹೋಗೋ ರಾತ್ರಿ ಬಸ್ಸಲ್ಲಿ, ಫ್ರೆಂಡು ರೈಟ್ ಮಾಡಿಕೊಟ್ಟ ಸಿಡಿ, ಕಿಟಕಿ ಪಕ್ಕದ ಸೀಟು. ತುಮಕೂರು ದಾಟಿದ ಮೇಲೆ 'ಎನ್‌ವೈಸಿ' ಬಂತು, ನ್ಯೂಯಾರ್ಕ್ ಸಿಟಿ ಮೇಲಿನ ಹಾಡು. ರಸ್ತೆ ಪಕ್ಕದ ಡಾಬಾ ದೀಪಗಳು ಒಂದೊಂದೇ ಹಿಂದೆ ಹೋಗ್ತಿದ್ವು, ಪಕ್ಕದ ಸೀಟಿನ ಅಜ್ಜಿ ನನ್ನ ಭುಜದ ಮೇಲೆ ನಿದ್ದೆ ಮಾಡ್ತಿದ್ರು, ಆ ಊರು ಎಲ್ಲಿದೆ ಅಂತಾನೂ ಗೊತ್ತಿಲ್ದೇ ಆ ಊರಿನ ಒಂಟಿತನ ನಂದೇ ಅನ್ನಿಸ್ತು. ಅಜ್ಜಿ ಎದ್ದು "ಅರಸೀಕೆರೆ ಬಂತಾ" ಅಂದ್ರು. ಜೆರಾಕ್ಸಿಗೆ ಹಾಗೆಲ್ಲ ಆಗಲ್ಲ ಸ್ವಾಮಿ.

ಪ್ರಶ್ನೆ: ರೀಲ್ಸ್‌ನಲ್ಲಿ ಒಂದು ರಷ್ಯನ್ ಹಾಡು ಬಂತು ಮಾರಾಯ್ರೆ, ಹಳೆ ಅಪಾರ್ಟ್‌ಮೆಂಟು, ಹಿಮ, ಹಿಂದೆ ಕೀಬೋರ್ಡು. ಒಂದು ಅಕ್ಷರ ಅರ್ಥ ಆಗುದಿಲ್ಲ, ಆದ್ರೂ ದಿನಕ್ಕೆ ಹತ್ತು ಸಲ ಕೇಳ್ತೇನೆ. ನನಗೆ ಎಂತ ಆಗಿದೆ?
— ಕಡಲ ಬದಿಯ ಫ್ಲ್ಯಾಟಿನವಳು, ಮಂಗಳೂರು

ನಿಮ್ಗೆ ಏನೂ ಆಗಿಲ್ಲ, ಎಷ್ಟೋ ಜನಕ್ಕೆ ಇದೇ ಆಗಿದೆ. ಅದು 'ಸುದ್ನೋ' ಇರ್ಬೇಕು, ಮೊಲ್ಚಾತ್ ದೊಮಾ ಅನ್ನೋ ಬ್ಯಾಂಡಿಂದು. ಭಾಷೆ ರಷ್ಯನ್, ಊರು ಬೆಲಾರೂಸಿನ ಮಿನ್ಸ್ಕ್. ಬ್ಯಾಂಡಿನ ಹೆಸರಿಗೆ 'ಮನೆಗಳು ಮಾತಾಡಲ್ಲ' ಅಂತ ಅರ್ಥ, 2018ರ ಆ ಆಲ್ಬಮ್ಮಿನ ಹೆಸ್ರು 'ಎತಾಝಿ', ಅಂದ್ರೆ ಮಹಡಿಗಳು. 2020ರಲ್ಲಿ ಎಲ್ರೂ ಮನೇಲಿ ಕೂತಿದ್ದಾಗ ಟಿಕ್‌ಟಾಕಲ್ಲಿ ಲೋಕಕ್ಕೆಲ್ಲ ಹಬ್ಬಿತು. ಅದಕ್ಕೆ ಜನ ಪ್ರೇಮ ವಿರಹ ಅಂತೆಲ್ಲ ಕ್ಯಾಪ್ಶನ್ ಹಾಕ್ತಾರಲ್ಲ, ನಿಜ ಹೇಳ್ಲಾ, ಆ ಹಾಡು ಶುರುವಾಗೋದೇ ಆಸ್ಪತ್ರೆಯ ಎನಾಮಲ್ ಬೆಡ್‌ಪ್ಯಾನ್‌ನಿಂದ. ಸುದ್ನೋ ಅಂದ್ರೆ ಅದೇ. ಆಮೇಲೆ ಕಿಟಕಿ, ಪಕ್ಕದ ಮೇಜು, ಮಂಚ. ಬೊರಿಸ್ ರಿಝಿ ಅನ್ನೋ ಕವಿಯ ಪದ್ಯ ಅದು, 2001ರಲ್ಲಿ 26ನೇ ವಯಸ್ಸಿಗೇ ತೀರ್ಕೊಂಡ ಕವಿ.

ಅರ್ಥ ಆಗ್ದೇ ಇದ್ರೂ ಯಾಕೆ ತಟ್ಟತ್ತೆ ಅಂದ್ರೆ, ಮಾತಿಗಿಂತ ಮುಂಚೆ ನಡಿಗೆ ಬರತ್ತೆ. ಆ ಡ್ರಮ್ ಮಷೀನು ಮನುಷ್ಯನಲ್ಲ, ಅದಕ್ಕೆ ದಣಿವಿಲ್ಲ, ಕರುಣೇನೂ ಇಲ್ಲ, ಟಕ್ ಟಕ್ ಟಕ್. ಅದ್ರ ಮೇಲೆ ಮನುಷ್ಯನ ದನಿ ದೂರದ ಕೋಣೆಯಿಂದ. ನೀವು ಕುಣೀಲೂಬಹುದು, ಅದೇ ಇದ್ರ ಗುಟ್ಟು, ದುಃಖದ ಹಾಡಿಗೆ ಕಾಲು ತಾನೇ ಅಲ್ಲಾಡತ್ತೆ. ಇದ್ರ ಅಜ್ಜ ಬೇಕಾದ್ರೆ ಲೆನಿನ್‌ಗ್ರಾಡಿನ ಕಿನೋ ಬ್ಯಾಂಡ್ ಕೇಳಿ, ವಿಕ್ತರ್ ತ್ಸೋಯ್ ಹಾಡಿದ್ದು. ದೇಶಕ್ಕೆಲ್ಲ ಅವ್ನ ಹಾಡು ಗೊತ್ತಿದ್ದಾಗ್ಲೂ ಬಾಯ್ಲರ್ ರೂಮಲ್ಲಿ ಕಲ್ಲಿದ್ದಲು ಹಾಕೋ ಕೆಲ್ಸಕ್ಕೆ ಹೋಗ್ತಿದ್ದ. ನೋಡಿ, ಮತ್ತೆ ಡ್ಯೂಟಿಗೆ ಹೋಗೋ ಮನುಷ್ಯ.

ಪ್ರಶ್ನೆ: ಈ ಹಾಡುಗಳು ಅಪಾಯ ಅಂತಾರೆ ಎಲ್ರೂ. ಆ ಗಾಯಕ ಜೀವ ಕಳ್ಕೊಂಡನಲ್ಲ ಅಂತ ಅಮ್ಮ ಹೆದರ್ತಾಳೆ. ನಾನು ರಾತ್ರಿ ಎರಡು ಗಂಟೆವರೆಗೂ ಕೇಳ್ತೀನಿ. ಈಚೆಗೆ ಹಾಡೂ ಬೇಡ ಅನ್ಸತ್ತೆ, ಬೆಳಿಗ್ಗೆ ಏಳೋಕೇ ಆಗ್ತಿಲ್ಲ.
— ಹೆಸರು ಬೇಡ, ಹಾಸನ

ಪ್ರಶ್ನೆ ಕಳ್ಸಿದ್ದು ಒಳ್ಳೇದಾಯ್ತು. ಅಮ್ಮನ ಭಯಕ್ಕೂ ನಿಮ್ಮ ಕೊನೇ ಸಾಲಿಗೂ ಬೇರೆ ಬೇರೆ ಉತ್ತರ ಇದೆ.

ಮೊದ್ಲು ಅಮ್ಮನಿಗೆ. ಕರ್ಟಿಸ್ ತೀರ್ಕೊಂಡಿದ್ದು 1980ರ ಮೇ 18ಕ್ಕೆ, ಮಾರನೇ ದಿನ ಬ್ಯಾಂಡು ಅಮೆರಿಕಕ್ಕೆ ಹೊರಡೋದಿತ್ತು. 23 ವರ್ಷ, ಮನೇಲಿ ಪುಟ್ಟ ಮಗಳು. ಮೂರ್ಛೆರೋಗ ಜೋರಾಗಿತ್ತು, ಸ್ಟೇಜ್ ಮೇಲೇ ಫಿಟ್ಸ್ ಬರ್ತಿತ್ತು, ಗುಳಿಗೆಗಳಿಂದ ಮನಸ್ಸು ಕುಸಿದಿತ್ತು, ಸಂಸಾರ ಒಡೆದಿತ್ತು. ಹಾಡು ಅವ್ನನ್ನ ಕೊಲ್ಲಲಿಲ್ಲ, ಕಾಯಿಲೆಗೆ ಸರಿಯಾದ ಆರೈಕೆ ಸಿಗಲಿಲ್ಲ. ಅವ್ನ ಮಾತುಗಳಲ್ಲಿ ಏನಿದೆ ಅಂತ ಆಗ ನೆಟ್ಟಗೆ ಕೇಳಿಸ್ಕೊಳ್ಳಲಿಲ್ಲ ಅಂತ ಜೊತೆಗಿದ್ದೋರೇ ಆಮೇಲೆ ಹೇಳ್ಕೊಂಡು ಕೊರಗಿದ್ದಾರೆ. ಅವ್ನ ಸಾವನ್ನ ಪೋಸ್ಟರ್ ಮಾಡಿ ಹಚ್ಕೊಳೋ ಅಭಿಮಾನಿಗಳು ಇದಾರೆ, ನಂಗೆ ಅವ್ರನ್ನ ಕಂಡ್ರೆ ಆಗಲ್ಲ. ಇನ್ನು ದುಃಖದ ಹಾಡಿನ ಬಗ್ಗೆ 2014ರಲ್ಲಿ ಟಾರುಫ್ಫಿ, ಕೋಲ್ಷ್ ಅನ್ನೋ ಸಂಶೋಧಕರು 772 ಜನರನ್ನ ವಿಚಾರಿಸಿದ್ರು, ಇಂಥ ಹಾಡು ಕೇಳಿದಾಗ ಜನಕ್ಕೆ ಅತಿ ಹೆಚ್ಚು ಬರೋ ಭಾವ ದುಃಖ ಅಲ್ಲ, ಹಳೇ ನೆನಪಿನ ಹಂಬಲ. ಹಾಗಾಗಿ ಹಾಡು ಕೇಳೋದೇ ರೋಗ ಅಂತ ಅಮ್ಮ ಹೆದರ್ಬೇಕಾಗಿಲ್ಲ.

ಈಗ ನಿಮ್ಗೆ. ಹಾಡೂ ಬೇಡ ಅನ್ಸತ್ತೆ, ಏಳೋಕೆ ಆಗಲ್ಲ ಅಂದ್ರಲ್ಲ, ನಂಗೆ ಕಾಡಿದ್ದು ಅದು. ಮಂಕು ಹಾಡು ಇಷ್ಟ ಆಗೋದು ಬೇರೆ, ಇಷ್ಟ ಆಗ್ತಿದ್ದಿದ್ದೆಲ್ಲ ಸಪ್ಪೆ ಆಗೋದು ಬೇರೆ. ಎರಡನೇದಕ್ಕೆ ನನ್ನ ಅಂಕಣ ಸಾಲಲ್ಲ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ, ನಮ್ಮ ನಿಮ್ಹಾನ್ಸ್‌ನೋರು ಹಿಂದೆ ನಿಂತಿರೋದು, ದಿನದ 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ಇವತ್ತೇ ಮಾಡಿ, ರಾತ್ರಿ ಎರಡು ಗಂಟೆ ಆದ್ರೂ ಸರಿ. ಅಮ್ಮನಿಗೂ ಆ ಕೊನೇ ಸಾಲು ಹೇಳಿ. ಅವ್ರು ಹೆದರ್ತಿರೋದು ಹಾಡಿಗಲ್ಲ, ನೀವು ಏಳದೇ ಇರೋದು ಅವ್ರಿಗೆ ಆಗ್ಲೇ ಕಂಡಿದೆ. ಹಾಡು ಎಲ್ಲೂ ಹೋಗಲ್ಲ, ಆಮೇಲೆ ಕೇಳೋಣ.

ಪ್ರಶ್ನೆ: ಅಡುಗೆ ಮನೇಲಿ ಕೇಳೋಕೆ ಎಲ್ಲಿಂದ ಶುರು ಮಾಡ್ಲಿ? ತೀರಾ ಸೂತಕ ಬೇಡ.
— ಒಗ್ಗರಣೆ, ಚಿಕ್ಕಮಗಳೂರು

ಹಾಗಾದ್ರೆ ಜಾಯ್ ಡಿವಿಷನ್‌ನ 'ಕ್ಲೋಸರ್' ಮುಟ್ಬೇಡಿ, ಸಾಂಬಾರ್ ಸೀದುಹೋಗತ್ತೆ. ದಿ ನ್ಯಾಷನಲ್‌ನ 2007ರ 'ಬಾಕ್ಸರ್' ಹಾಕಿ. ಮೊದಲ ಹಾಡು 'ಫೇಕ್ ಎಂಪೈರ್', ಪಿಯಾನೋದಲ್ಲಿ ಒಂದು ಕೈ ಮೂರರ ಎಣಿಕೆ, ಇನ್ನೊಂದು ಕೈ ನಾಲ್ಕರದ್ದು, ನಿಮ್ಮ ಈಳಿಗೆ ಯಾವುದಕ್ಕೆ ತಾಳ ಹಾಕತ್ತೆ ನೋಡಿ. ಇದೇ ಬ್ಯಾಂಡು 2013ರಲ್ಲಿ ನ್ಯೂಯಾರ್ಕಿನ ಒಂದು ಕಲಾ ಮ್ಯೂಸಿಯಮ್ಮಲ್ಲಿ ತಮ್ಮ 'ಸಾರೋ' ಅನ್ನೋ ಮೂರೂವರೆ ನಿಮಿಷದ ಹಾಡನ್ನ ಆರು ಗಂಟೆ ಕಾಲ ಬಿಡದೇ 105 ಸಲ ಹಾಡ್ತು, ಐಸ್‌ಲೆಂಡಿನ ಕಲಾವಿದ ರಾಗ್ನರ್ ಕ್ಯಾರ್ಟನ್ಸನ್ ಹೇಳಿ ಮಾಡ್ಸಿದ್ದು. ನಮ್ಮಲ್ಲಿ ಭಜನೆ ಸಪ್ತಾಹ ಕೂತೋರಿಗೆ ಇದೇನು ಹೊಸದಲ್ಲ, ಒಂದೇ ಸಾಲು ನೂರು ಸಲ ಹೇಳಿದ್ಮೇಲೆ ಅದ್ರ ಅರ್ಥ ಉದುರಿ ಬರೀ ಉಸಿರು ಉಳಿಯತ್ತೆ. ಬಾಕ್ಸರ್ ಆದ್ಮೇಲೆ ದಿ ಕ್ಯೂರ್ ಅನ್ನೋ ಬ್ಯಾಂಡಿನ 1989ರ 'ಡಿಸಿಂಟಿಗ್ರೇಷನ್', ಭಾನುವಾರ ಎಲ್ರೂ ಮಲಗಿದ ಮೇಲೆ. ಹಾಡು ಶುರುವಾಗಿ ಎಷ್ಟೋ ಹೊತ್ತು ಹಾಡುಗಾರ ಬಾಯೇ ಬಿಡಲ್ಲ, ಅವಸರ ಮಾಡ್ಬೇಡಿ. 2024ರಲ್ಲಿ 16 ವರ್ಷ ಆದ್ಮೇಲೆ ಹೊಸ ಆಲ್ಬಮ್ ತಂದ್ರು, ಅದ್ರಲ್ಲಿ ಹಾಡುಗಾರ ರಾಬರ್ಟ್ ಸ್ಮಿತ್ ತೀರಿಹೋದ ಅಣ್ಣನ ಮೇಲೆ ಹಾಡಿದ್ದು ಒಂದಿದೆ, ಈರುಳ್ಳಿ ಹೆಚ್ಚೋವಾಗ ಕೇಳಿ, ಯಾರಿಗೂ ಗೊತ್ತಾಗಲ್ಲ.

ಪ್ರಶ್ನೆ: ಕೆಲ್ಸದ ಮೇಲೆ ಸ್ಟಾಕ್‌ಪೋರ್ಟ್‌ಗೆ ಬಂದಿದೀನಿ, ನಿಮ್ಮ ಬ್ಯಾಂಡಿನ ಊರು ಇಲ್ಲೇ ಎಲ್ಲೋ ಅಂತೆ. ಏನಾದ್ರೂ ನೋಡೋಕಿದ್ಯಾ?
— ಚಳಿಗೆ ನಡುಗುತ್ತಿರುವ ಕನ್ನಡಿಗ, ಇಂಗ್ಲೆಂಡ್

ಅಯ್ಯೋ ಪುಣ್ಯವಂತರೇ, 'ಅನ್‌ನೋನ್ ಪ್ಲೆಷರ್ಸ್' ರೆಕಾರ್ಡ್ ಆಗಿದ್ದೇ ಸ್ಟಾಕ್‌ಪೋರ್ಟಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ. ವಾಟರ್‌ಲೂ ರೋಡಿಗೆ ಹೋಗಿ, ಸ್ಟುಡಿಯೋ ಮುಚ್ಚಿ ಕಾಲ ಆಯ್ತು, ಕಟ್ಟಡದ ಮೇಲೆ ಫಲಕ ಇದೆ. ಫ್ರೀ ಟ್ರೇಡ್ ಹಾಲ್ ಈಗ ದುಬಾರಿ ಹೋಟೆಲ್ಲು, ಹೊರಗಿಂದ ನೋಡ್ಕೊಂಡು ಬನ್ನಿ. ಮ್ಯಾಕಲ್ಸ್‌ಫೀಲ್ಡಿನ ಸ್ಮಶಾನದಲ್ಲಿ ಕರ್ಟಿಸ್‌ನ ಕಲ್ಲು ಇದೆ, ಮೊದಲ್ನೇ ಕಲ್ಲನ್ನ 2008ರಲ್ಲಿ ಯಾರೋ ಕದ್ರು, ಆಮೇಲೆ ಹೊಸದು ಇಟ್ರು. ಸ್ವೆಟರ್ ಹಾಕ್ಕೊಂಡು ಹೋಗಿ.

ಪ್ರಶ್ನೆ: ನಾವು ಮೂರು ಜನ ಇಂಥದ್ದೇ ಬ್ಯಾಂಡ್ ಮಾಡ್ಬೇಕು ಅಂತಿದೀವಿ, ಕನ್ನಡದಲ್ಲಿ. ಮೂರೂ ಜನಕ್ಕೆ ಗಿಟಾರೇ ಬೇಕು, ಬೇಸ್ ಹಿಡಿಯೋಕೆ ಯಾರೂ ಒಪ್ತಿಲ್ಲ. ಜಗಳ ಆಗಿದೆ. ಹಾಡೋಕೂ ಯಾರಿಗೂ ನೆಟ್ಟಗೆ ಬರಲ್ಲ. ಏನ್ಮಾಡೋದು ಅಕ್ಕ?
— ಮೂವರು, ಶಿವಮೊಗ್ಗ

ಬೇಸ್ ಮದ್ವೆ ಗಂಡು ಅಂತ ಮೇಲೆ ಬರ್ದಿದೀನಿ, ಅದನ್ನ ಮೂರೂ ಜನ ಓದಿ, ಈಗ ಮೂರೂ ಜನಕ್ಕೂ ಬೇಸೇ ಬೇಕು ಅಂತ ಜಗಳ ಶುರುವಾಗತ್ತೆ. ಯಾರ ಆಂಪ್ಲಿಫೈಯರ್ ಲೊಡ್ಡೋ ಅವ್ರಿಗೆ ಕೊಡಿ. ಹಾಡೋಕೆ ಬರಲ್ಲ ಅನ್ನೋದು ಇಲ್ಲಿ ಕೊರತೆ ಅಲ್ಲ, ರಾಗ ಬೇಸ್ ನೋಡ್ಕೊಳತ್ತೆ, ನಿಮ್ಮಲ್ಲಿ ದನಿ ತಗ್ಗಿರೋನು ಮಾತಾಡೋ ಎತ್ತರದಲ್ಲೇ ಹೇಳ್ಲಿ, ಆಲಾಪ ಎಳೀಬೇಡಿ, 'ವಿರಹ', 'ಕಂಬನಿ' ಅನ್ನೋ ಪದ ಕಂಡ್ರೆ ಹೊಡೆದು ಹಾಕಿ. ಶಿವಮೊಗ್ಗದಲ್ಲಿ ಮಳೆಗೇನು ಬರ ಇಲ್ಲ, ಮಳೆ ಬಗ್ಗೆ ಬರೆಯೋಕೆ ಮುಂಚೆ ಮೂರು ದಿನದಿಂದ ಒಣಗ್ದೇ ಇರೋ ಕಾಲುಚೀಲದ ಬಗ್ಗೆ ಬರೀರಿ. ಡ್ರಮ್ಮರ್ ಸಿಗೋವರೆಗೆ ಮೊಬೈಲಿನ ಡ್ರಮ್ ಆ್ಯಪ್ ಸಾಕು, ಮಿನ್ಸ್ಕಿನೋರೂ ಮಷೀನಲ್ಲೇ ಮಾಡಿದ್ದು. ಡೆಮೊ ಆದ್ರೆ ಕಳ್ಸಿ, ಮೊದ್ಲು ಫೋನ್ ಸ್ಪೀಕರಲ್ಲಿ ಹಾಕಿ ನೋಡ್ತೀನಿ, ಅದ್ರಲ್ಲೂ ಬೇಸ್ ಕೇಳಿದ್ರೆ ಪಾಸು.